ಹರಿಣಿಯ ಅಂಗಳದ ಹಲಗೆಗಳು

ಅಮೆರಿಕದ ಸುವಾನಿಯಲ್ಲಿ ಹರಿಣಿಯ ಹುಲ್ಲಂಗಳದಿಂದ ಮೂರನೆಯ ಪ್ರಚಾರದ ಹಲಗೆಯೂ ಮಾಯವಾದಾಗ ಪಕ್ಕದ ಮನೆಯ ಯಾಮಿನಿ ರಾಜಲಕ್ಷ್ಮಿಯ ಮನೆಗೆ ಓಡಿದಳು. ಮೈಸೂರಿನಲ್ಲಿ ವಕೀಲಿಕೆ ಮಾಡಿ ಬಂದಿದ್ದ ರಾಜಲಕ್ಷ್ಮಿ ಆ ಬಡಾವಣೆಯ ಖಾಯಂ ಪತ್ತೇದಾರಿಣಿ. ಯಾಮಿನಿ ಅವರ ನೆರಳು.

"ಆಂಟಿ, ಹರಿಣಿ ಪೊಲೀಸ್‌ಗೆ ಕಾಲ್ ಮಾಡ್ತಾಳಂತೆ. ಧೀರಜ್ ಹೆಸರೇ ಕೊಡ್ತಾಳಂತೆ! ನಮ್ಮ ಗ್ರೀನ್ ಕಾರ್ಡ್ ಗತಿ?"

ಹಲಗೆಗಳು ನವೆಂಬರಿನ ಮತದಾನದವು. ಅಧಿಕಾರಿಗಳ ಮೇಲೆ ಮಹಾಭಿಯೋಗ ಹೂಡಿ ಇಳಿಸುವುದನ್ನು ಸುಲಭವಾಗಿಸುವ ರಾಜ್ಯ ಸಂವಿಧಾನದ ತಿದ್ದುಪಡಿಗೆ 'ಯೆಸ್' ಎನ್ನಿ ಎಂದು ಅವುಗಳ ಮೇಲೆ ಬರೆದಿತ್ತು. ಯಾಮಿನಿಯ ಗಂಡ ಧೀರಜ್, ಎಲ್ಲರೂ ಅಡುಗೆ ತಂದು ಸೇರುವ ಪಾಟ್‌ಲಕ್ಕಿನಲ್ಲಿ ಅದನ್ನು ಹಂಗಿಸಿ, "ಸಾಕ್ಷಿ ಸಿಗೋ ಮುಂಚೆನೇ ಎಲ್ಲರನ್ನೂ ಇಳಿಸಿಬಿಡಿ!" ಎಂದು ಕೂಗಾಡಿದ್ದ. "ವೋಟೇ ಇಲ್ಲದವರಿಗೆ ಎಷ್ಟು ಬಾಯಿ!" ಎಂದು ಹರಿಣಿ ಕುಟುಕಿದ್ದಳು.

"ಅವನೇ ತೆಗೆದನಾ?" ರಾಜಲಕ್ಷ್ಮಿ ಕೇಳಿದರು.

"ಇಲ್ಲ ಅಂತಾನೆ ಆಂಟಿ. ನಂಗೆ ತಲೆನೇ ಓಡ್ತಿಲ್ಲ."

ಬೆಳಿಗ್ಗೆ ಗಂಡ ಸ್ನಾನಕ್ಕಿಳಿದಾಗ ಅವನ ಕಾರಿನ ಹಿಂಬದಿಯ ಟ್ರಂಕ್ ತೆರೆದು ನೋಡಿದ್ದನ್ನು ಅವಳು ಹೇಳಲಿಲ್ಲ. ಏನೂ ಸಿಕ್ಕಿರಲಿಲ್ಲ. ಅನುಮಾನವೂ ಹೋಗಿರಲಿಲ್ಲ.

ಅಂಗಳದಲ್ಲಿ ಹಲಗೆಗಳ ತಂತಿಕಾಲುಗಳು ನೆಟ್ಟಂತೆಯೇ ನಿಂತಿದ್ದವು. ಬೀದಿಯ ಬೇರೆ ಮನೆಗಳ 'ಯೆಸ್' ಹಲಗೆಗಳನ್ನು ಯಾರೂ ಮುಟ್ಟಿರಲಿಲ್ಲ. ರಾಜಲಕ್ಷ್ಮಿ ಹರಿಣಿಗೆ, "ಸಂಜೆ ಗೊಂಬೆ ಆರತಿಗೆ ಎಲ್ಲರೂ ಬರ್ತೀವಿ. ಅಲ್ಲೀವರೆಗೆ ಫೋನ್ ಮುಟ್ಟಬೇಡ" ಎಂದರು.

ನವರಾತ್ರಿಯ ಗೊಂಬೆಗಳನ್ನು ಕೂರಿಸಿದ್ದವರು ಮೈಸೂರಿನಿಂದ ಬಂದಿದ್ದ ಹರಿಣಿಯ ಅತ್ತೆ ವಸಂತಾ. ಪಾರ್ಸೆಲ್ ಡಬ್ಬಗಳೇ ಮೆಟ್ಟಿಲು. ಮೊದಲ ದಿನ ಡಬ್ಬ ಕುಸಿದು ವಾಲಿದ್ದ ರಾಜ ರಾಣಿಯರ ಪಟ್ಟದ ಗೊಂಬೆಗಳು ಈಗ ನೆಟ್ಟಗೆ ನಿಂತಿದ್ದವು.

ಆರತಿ ಮುಗಿದ ಮೇಲೆ ರಾಜಲಕ್ಷ್ಮಿ ಬಾಯಿಬಿಟ್ಟರು. "ಸೇಡಿಗೆ ಕೀಳೋರು ತಂತಿ ಸಮೇತ ಕಿತ್ತೆಸೀತಾರೆ. ಇವರಿಗೆ ಹಲಗೆ ಮಾತ್ರ ಬೇಕಿತ್ತು. ಬೇರೆ ಮನೆಯದನ್ನ ಮುಟ್ಟಲಿಲ್ಲ, ಅಂದ್ರೆ ನಮ್ಮನೇದೇ ಅಂತ ತಗೊಂಡವರು. ನವರಾತ್ರೀಲಿ ಗಟ್ಟಿ ಹಲಗೆ ಯಾರಿಗಪ್ಪಾ ಬೇಕು?"

ಮೆಟ್ಟಿಲಿಗೆ ಹೊದಿಸಿದ್ದ ಬಿಳಿ ಪಂಚೆಯ ಅಂಚನ್ನು ಎತ್ತಿದರು. ರಾಜನ ಪಾದದಡಿ 'ಯೆಸ್' ಇತ್ತು.

ವಸಂತಾರ ಕಣ್ಣು ತುಂಬಿತು. "ಒಂದು ಹೋದ್ರೆ ಇನ್ನೊಂದು ತಂದು ನೆಡ್ತಿದ್ಳು, ಬೇಕಾದಷ್ಟಿದೆ ಅಂದ್ಕೊಂಡೆ. ಪೊಲೀಸ್ ಅಂದಾಗ... ಸೊಸೆ ಮನೇಲಿ ಕಳ್ಳಿ ಆದ್ನಲ್ಲಾ ಅಂತ ಹೇಳೋಕೆ ಬಾಯೇ ಬರಲಿಲ್ಲ."

ಹರಿಣಿ ಅತ್ತೆಯ ಕೈ ಹಿಡಿದುಕೊಂಡು, "ಸಾರಿ, ಧೀರಜ್" ಎಂದಳು.

"ಇಳಿಸೋ ಬೋರ್ಡೇ ರಾಜನ್ನ ಎತ್ತಿ ಹಿಡ್ಕೊಂಡಿದೆ ನೋಡಿ!" ಎಂದ ಧೀರಜ್. ಎಲ್ಲರೂ ನಕ್ಕರು.

ಬಾಗಿಲಲ್ಲಿ ರಾಜಲಕ್ಷ್ಮಿ ಮೆಲ್ಲಗೆ, "ನೀನೂ ಅವನನ್ನ ಖುಲಾಸೆ ಮಾಡಮ್ಮ" ಎಂದರು. ಯಾಮಿನಿ ಗಾಬರಿಯಾದಳು.

"'ಇಲ್ಲ ಅಂತಾನೆ' ಅಂದೆ ನೀನು. 'ಅವನಲ್ಲ' ಅನ್ನಲಿಲ್ಲ."

ದಾರಿಯಲ್ಲಿ ಧೀರಜ್, "ನೀನೊಬ್ಬಳು ನಂಬಿದ್ದೆ, ಸಾಕು" ಎಂದ.

"ಬೆಳಿಗ್ಗೆ ನಿನ್ನ ಕಾರಿನ ಟ್ರಂಕ್ ತೆಗೆದು ನೋಡ್ದೆ ಧೀರಜ್."

ಅವನು ನಿಂತ. "ಏನು ಸಿಕ್ತು?"

"ನಿನ್ನ ಛತ್ರಿ."

ಅವನು ಮುಂದೆ ನಡೆದ. ಮನೆಯ ಬಾಗಿಲು ತೆರೆದು, ಅವಳು ಬರುವವರೆಗೆ ಹಿಡಿದುಕೊಂಡೇ ನಿಂತ. ಅದು ಕ್ಷಮೆಯೋ, ಬರೀ ಅಭ್ಯಾಸವೋ, ಯಾಮಿನಿಗೆ ತಿಳಿಯಲಿಲ್ಲ.