ಬೂದಿಪಟ್ಟೆಯ ಟೋಪಿ

ಬಹಳ ಹಿಂದೆ ತಂಪುಗಿರಿ ಎಂಬ ರಾಜ್ಯದಲ್ಲಿ ಹಾಲಪ್ಪನೆಂಬ ಕುರಿಗಾಹಿ ಯುವಕನಿದ್ದ. ತಾಯಿ ತೀರಿಹೋದ ಮೇಲೆ ಎಂಟು ವರ್ಷದ ತಂಗಿ ಕೆಂಚವ್ವನನ್ನು ಅವನೇ ಸಾಕುತ್ತಿದ್ದ.

ಆ ರಾಜ್ಯದ ಮೇಲೆ ಶೀತಕೇತು ಎಂಬ ಮಾಂತ್ರಿಕನ ಕಣ್ಣು ಬಿತ್ತು. ಅವನು ಊರೂರು ಸುತ್ತಿ ಮಕ್ಕಳ ನೆತ್ತಿಯ ಮೇಲೆ ಉಸಿರೂದಿದ. ಮಕ್ಕಳೆಲ್ಲ ನಿಂತಲ್ಲೇ ಮಂಜಿನ ಬೊಂಬೆಗಳಾದರು. ರಾಜನ ಮಗನೂ ಬೊಂಬೆಯಾದ, ಕೆಂಚವ್ವನೂ ಬೊಂಬೆಯಾದಳು.

ಹಾಲಪ್ಪ ತಂಗಿಗೆ ಕಂಬಳಿ ಸುತ್ತಿ ಕೂತಿದ್ದಾಗ ಅವನ ಮುದಿ ಟಗರು ಮಾತಾಡಿತು.

“ನನ್ನ ಉಣ್ಣೆ ಕತ್ತರಿಸಿ ನೂಲು ತೆಗೆ, ಟೋಪಿ ಹೆಣೆ. ನೂಲು ತಾನೇ ಬಣ್ಣ ಬದಲಿಸುತ್ತದೆ, ನೀನು ಆರಿಸುವಂತಿಲ್ಲ. ಯಾವ ಬಣ್ಣ ಬಂದರೂ ಕಡಿಯಬೇಡ. ಆ ಟೋಪಿಯಿಂದ ಒಂದು ಮಗು ಎದ್ದರೆ ಸಾಕು, ಎಲ್ಲ ಮಕ್ಕಳೂ ಏಳುತ್ತಾರೆ.”

ಹಾಲಪ್ಪ ನೂಲು ತೆಗೆದು, ಬಿದಿರು ಕಡ್ಡಿ ಹಿಡಿದು ಹೆಣೆಯಲು ಕೂತ.

ಮೊದಲ ದಿನ ಬಿಳಿ ನೂಲು ಕೆಂಪಾಯಿತು. ಕೆಂಡದಂತೆ ಬೆರಳು ಸುಟ್ಟಿತು. ಶೀತಕೇತು ವ್ಯಾಪಾರಿಯ ವೇಷದಲ್ಲಿ ಬಂದು ಕತ್ತರಿ ಚಾಚಿದ.

“ಕಡಿದುಬಿಡಪ್ಪಾ, ಕೈ ಉಳಿಯುತ್ತದೆ.”

“ಸುಟ್ಟ ಗಾಯ ಮಾಯುತ್ತದೆ ಬಿಡಿ” ಎಂದ ಹಾಲಪ್ಪ, ಬೆರಳನ್ನು ಮಜ್ಜಿಗೆಯಲ್ಲಿ ಅದ್ದಿ ಅದ್ದಿ ಹೆಣೆದ.

ಎರಡನೆಯ ದಿನ ನೂಲು ಹಸಿರಾಯಿತು. ಹಾವಾಗಿ ಮುಂಗೈಗೆ ಸುತ್ತಿ ಹೆಡೆಯೆತ್ತಿತು. ಶೀತಕೇತು ಬೇಟೆಗಾರನ ವೇಷದಲ್ಲಿ ಬಂದು ಕತ್ತಿ ಚಾಚಿದ.

“ಕಡಿದುಬಿಡಪ್ಪಾ, ಜೀವ ಉಳಿಯುತ್ತದೆ.”

ಹಾಲಪ್ಪ ಹಾವಿನ ಮೇಲಿಂದ ಕಣ್ಣು ಕೀಳದೆ ಇನ್ನೊಂದು ಕುಣಿಕೆ ಹಾಕಿದ. “ಹೆದರಿಕೆಯೇನೋ ಆಗುತ್ತಿದೆ. ಹೆದರಿಕೊಂಡೇ ಹೆಣೆಯುತ್ತೇನೆ” ಎಂದ.

ಮೂರನೆಯ ದಿನ ನೂಲು ಬೂದಿಬಣ್ಣಕ್ಕೆ ತಿರುಗಿತು. ಸುಡಲಿಲ್ಲ, ಹೆಡೆಯೆತ್ತಲಿಲ್ಲ. ಆದರೆ ಒಂದೊಂದು ಕುಣಿಕೆ ಹಾಕಿದಾಗಲೂ ತಾಯಿ ನೆನಪಾದಳು. ಅವಳ ಕೆಮ್ಮು, ಕುಡಿಯದೆ ಉಳಿದ ಗಂಜಿ, “ತಂಗೀನ ನೋಡ್ಕೋ ಮಗಾ” ಎಂದ ಕೊನೆಯ ಮಾತು. ಅವಳು ಹೋದ ದಿನ ತಂಗಿ ಹೆದರಬಾರದೆಂದು ಅವನು ಅತ್ತಿರಲಿಲ್ಲ.

ಈ ಸಲ ಶೀತಕೇತು ವೇಷವಿಲ್ಲದೆ ಬಂದು ಕತ್ತರಿ ಚಾಚಿದ.

“ಈ ದರಿದ್ರ ಬಣ್ಣ ಮಗುವಿನ ಟೋಪಿಗೇಕೆ? ಕಡಿದುಬಿಡಪ್ಪಾ. ಚಿನ್ನದ ನೂಲು ಕೊಡುತ್ತೇನೆ. ದುಃಖವೂ ಮರೆತುಹೋಗುತ್ತದೆ.”

ಮರೆತರೆ ಎಷ್ಟು ಹಗುರ ಅನ್ನಿಸಿತು ಹಾಲಪ್ಪನಿಗೆ. ಕತ್ತರಿ ಕೈಗೆ ತೆಗೆದುಕೊಂಡ. ಆಗ ತಂಗಿಯ ಮುಖ ಕಂಡಿತು. ಅವ್ವನದೇ ಮೂಗು, ಅವ್ವನದೇ ಗಲ್ಲ.

“ಬೇಡ. ನಮ್ಮವ್ವನನ್ನು ನಾನು ಮರೆಯಲಾರೆ” ಎಂದು ಕತ್ತರಿ ಎಸೆದು ಗೊಳೋ ಎಂದು ಅತ್ತ. ಅಳುತ್ತಲೇ ಹೆಣೆದ. ಬೂದಿಪಟ್ಟೆ ಮುಗಿದದ್ದೇ ನೂಲು ಅರಿಸಿನದ ಹಳದಿಯಾಯಿತು, ಟೋಪಿಯ ತುದಿ ಕೂಡಿಕೊಂಡಿತು.

ಟೋಪಿಯನ್ನು ತಂಗಿಯ ತಲೆಗೆ ತೊಡಿಸಿದ. ಮಂಜು ಕರಗಿತು, ಕೆಂಚವ್ವ ಕಣ್ಣು ಬಿಟ್ಟಳು. ಅದೇ ಗಳಿಗೆಯಲ್ಲಿ ರಾಜ್ಯದ ಮಕ್ಕಳೆಲ್ಲ ಎದ್ದು ಮನೆಮನೆಗಳಲ್ಲಿ ಹಸಿವು ಹಸಿವು ಎಂದು ಕೂಗಿದರು. ಶೀತಕೇತು ನೀರಾಗಿ ಇಳಿಜಾರಿನಲ್ಲಿ ಹರಿದುಹೋದ.

“ಅಣ್ಣಾ, ಯಾಕೆ ಅಳ್ತಿದ್ದೀಯ?”

“ಅವ್ವ ನೆನಪಾದಳು ಕಣವ್ವಾ.”

“ನಂಗೂ ದಿನಾ ನೆನಪಾಗ್ತಾಳೆ. ನಿಂಗೆ ಬೇಜಾರಾಗುತ್ತೆ ಅಂತ ಹೇಳ್ತಿರಲಿಲ್ಲ.”

ಅವತ್ತು ಅಣ್ಣತಂಗಿ ಒಲೆಯ ಮುಂದೆ ಕೂತು ಅವ್ವನ ಸುದ್ದಿ ಮಾತಾಡಿದರು, ಮಾತಾಡುತ್ತ ಮಾತಾಡುತ್ತ ನಕ್ಕರು. ಆಮೇಲೆ ತಂಪುಗಿರಿಯ ಮಕ್ಕಳು ದೊಡ್ಡವರಾದರು, ದೊಡ್ಡವರು ಮುದುಕರಾದರು, ಎಲ್ಲರೂ ಬೆಚ್ಚಗೆ ಸುಖವಾಗಿ ಬಾಳಿದರು.