ಬಸ್ಸುಮನೆಯ ಗುಂಡಿಗೆ ಒಂದು ಗೋಣಿ ಉಪ್ಪು

ಏಳು ಊರಿನ ಪಟ್ಟಿಗೆ ಏಳು ಕೆಂಪು ಗೀಟು. ಅದನ್ನು ಎಳೆದ ಮನುಷ್ಯನ ಮುಖ ನೋಡಲೇಬೇಕೆಂದು ರಾಜೀವಿ ಬಂಟ್ವಾಳದ ಹೆಲ್ತ್ ಇನ್ಸ್‌ಪೆಕ್ಟರರ ಆಫೀಸಿನ ಮೆಟ್ಟಿಲು ಹತ್ತಿದ್ದು 1961ರ ಫೆಬ್ರವರಿಯಲ್ಲಿ. ಸಿಟ್ಟಿನಿಂದ ಹತ್ತಿದಳು ಎಂದರೆ ಸುಳ್ಳಾಗುತ್ತದೆ. ಇಂಥ ಕಡೆ ಸಿಟ್ಟು ಬರಬೇಕು ಎಂದು ಅವಳಿಗೆ ಗೊತ್ತಿತ್ತು, ಬಂದಿರಲಿಲ್ಲ. ಮೂರು ವರ್ಷದಿಂದ ಅವಳಿಗೆ ಏನೂ ಬರುತ್ತಿರಲಿಲ್ಲ.

ಮೂರು ವರ್ಷದ ಹಿಂದೆ ಅವಳ ಗಂಡ ಅಣ್ಣು ಟೈಫಾಯಿಡಿನಲ್ಲಿ ತೀರಿಕೊಂಡಿದ್ದ. ಸೇತುವೆ ಕಟ್ಟುವ ಕ್ಯಾಂಪೊಂದರಲ್ಲಿ ಸ್ಟೋರ್ ಕೀಪರ್ ಆಗಿದ್ದವನು. ನರ್ಸಾಗಿದ್ದ ರಾಜೀವಿಯೇ ಹದಿನೆಂಟು ದಿನ ಹಣೆಗೆ ಒದ್ದೆ ಬಟ್ಟೆ ಹಾಕಿ ಪಕ್ಕದಲ್ಲಿ ಕೂತಿದ್ದಳು. ಹತ್ತೊಂಬತ್ತನೆಯ ದಿನದಿಂದ ಅಳು ಇಲ್ಲ, ನಗು ಇಲ್ಲ, ಹಸಿವೆಯೂ ಇಲ್ಲ. ಕೊನೆಗೆ ನಾಲಿಗೆಯೂ ಕೈಕೊಟ್ಟಿತು. ಬಾಯಿಗೆ ಹಾಕಿದ್ದು ಉಪ್ಪೋ ಬೆಲ್ಲವೋ ತಿಳಿಯದು. ಇದನ್ನು ಅವಳು ಯಾರಿಗೂ ಹೇಳಲಿಲ್ಲ; ಅಡುಗೆಗೆ ಚಮಚ ಎಣಿಸಿ ಉಪ್ಪು ಹಾಕುತ್ತಿದ್ದಳು.

ಸೋದರಮಾವ ಬಂದು, "ಬುಡುಧಾರೆ ಮಾಡಿಬಿಡುವ ಮಗಾ, ವಿಧವೆಗೆ ಎರಡನೇ ಮದುವೆ ನಮ್ಮಲ್ಲಿ ಹೊಸತಾ?" ಎಂದರೆ "ಆಗ್ಲಿ ಮಾವ" ಎನ್ನುತ್ತಿದ್ದಳು. ಮಾಡುವುದು ಬೇಡ ಎಂದು ಮಾವ ಹೇಳಿದ್ದರೂ ಅವಳ ಉತ್ತರ ಅದೇ ಇರುತ್ತಿತ್ತು. ಅದಕ್ಕೇ ಮಾವ ಗಂಡು ನೋಡುವ ಧೈರ್ಯ ಮಾಡಿರಲಿಲ್ಲ.

ಈಗ ಅವಳಿಗೆ ಕೆಲಸ ಸೆಲಿನ್ ಡಾಕ್ಟರಮ್ಮನ ಹತ್ತಿರ. ಆ ಮುದುಕಿಗೆ ಒಂದು ಹುಚ್ಚು. ಹಳೇ ಬಸ್ಸೊಂದನ್ನು ಹಿಡಿದು, ಸೀಟೆಲ್ಲ ಕಿತ್ತು, ಒಳಗೆ ಎರಡು ಮಂಚ, ಒಂದು ಸೀಮೆಎಣ್ಣೆ ಸ್ಟೌ, ಔಷಧಿಯ ಕಪಾಟು ಕೂರಿಸಿದ್ದರು. ಹಿಂದಿನ ಮೂಲೆಗೆ ಬಾಗಿಲು ಹಾಕಿ ಬಕೆಟ್ ಕಕ್ಕಸು. ಬಿಸು ಹಬ್ಬ ಕಳೆದ ಮೇಲೆ ಒಂದೂವರೆ ತಿಂಗಳು ಬಸ್ಸಲ್ಲೇ ವಾಸ, ಊರೂರಿಗೆ ಹೋಗಿ ಜನರ ಕಣ್ಣು ನೋಡುವುದು. ಜನ ಆಗಲೇ ಅದಕ್ಕೆ ಬಸ್ಸುಮನೆ ಎಂದು ಹೆಸರಿಟ್ಟಿದ್ದರು. ಎಲ್ಲೆಲ್ಲಿ ತಂಗುವುದೆಂದು ಪಟ್ಟಿ ಮಾಡುವ ಕೆಲಸ ರಾಜೀವಿಯ ತಲೆಗೆ ಬಂದಿತ್ತು. ಆ ಪಟ್ಟಿಯೇ ಒಪ್ಪಿಗೆಗೆ ಹೋಗಿ ಕೆಂಪು ಗೀಟು ಹೊತ್ತು ಬಂದದ್ದು.

ಇನ್ಸ್‌ಪೆಕ್ಟರ್ ಗುರುವಪ್ಪ ಮೇಜಿನ ಹಿಂದೆ ಇರಲಿಲ್ಲ. ಹಿತ್ತಿಲಲ್ಲಿ ಹಾರೆ ತೊಳೆಯುತ್ತಿದ್ದ. ಮೂವತ್ತೈದರ ಆಸುಪಾಸು, ದಪ್ಪ ಹುಬ್ಬು, ಬಾಯಿ ತುಂಬ ಹೊಗೆಸೊಪ್ಪು ಹಾಕಿದ ವೀಳ್ಯ. ಅವಳನ್ನು ಕಂಡದ್ದೇ ಉಗಿಯಲು ಗೋಡೆಯ ಆಚೆ ಓಡಿದ. ವಾಪಸು ಬರುವಾಗ ತಲೆಕೂದಲು ನೀರು ಹಚ್ಚಿ ಬಾಚಿದ್ದ, ಕಿವಿ ಕೆಂಪಾಗಿತ್ತು.

"ಪಟ್ಟಿ ನಿಮ್ಮದಾ ಸಿಸ್ಟರ್? ಬಾವಿ ಎಲ್ಲುಂಟು, ನೆರಳು ಎಲ್ಲುಂಟು, ಬಸ್ಸು ತಿರುಗಿಸ್ಲಿಕ್ಕೆ ಜಾಗ ಎಲ್ಲುಂಟು, ಎಲ್ಲ ಚಂದ ಬರ್ದಿದ್ದೀರಿ. ಕಕ್ಕಸಿನ ಬಕೆಟ್ ಎಲ್ಲಿ ಖಾಲಿ ಮಾಡ್ತೀರಿ? ಗಾಯದ ಹತ್ತಿ, ಬಟ್ಟೆ ಎಲ್ಲಿ ಹಾಕ್ತೀರಿ?"

"ಗುಡ್ಡೆಯಲ್ಲಿ ಹೊಂಡ ತೋಡಿ ಹಾಕ್ತೇವೆ."

"ಗುಡ್ಡೆಯ ಕೆಳಗೆ ಯಾರಿದ್ದಾರೆ?"

ಅವಳು ಪಟ್ಟಿ ತಿರುಗಿಸಿ ನೋಡಿದಳು, ಅದನ್ನು ಬರೆದಿರಲಿಲ್ಲ. ಅವನು ಗೆದ್ದವನ ಹಾಗೆ ನಗಲಿಲ್ಲ. ಹಾರೆಯನ್ನು ಗೋಡೆಗೆ ಒರಗಿಸಿ, "ನಾನೇ ಬರ್ತೇನೆ. ಒಂದೊಂದೇ ಊರು ನೋಡುವ," ಎಂದ.

ಹಾಗೆ ಬಸ್ಸುಮನೆ ಖಾಲಿಯಾಗಿ ಹೊರಟಿತು. ಒಳಗೆ ರಾಜೀವಿ, ಗುರುವಪ್ಪ, ಏಳು ಗೋಣಿ ಕಲ್ಲುಪ್ಪು. ಸ್ಟೇರಿಂಗ್ ಹಿಡಿದವರು ಡ್ರೈವರ್ ಇಬ್ರಾಹಿಂ ಖಲೀಲ್, ಊರವರ ಬಾಯಲ್ಲಿ ಖಲೀಲ್‌ಬ್ಯಾರಿ. "ಕಣ್ಣಿನ ಆಸ್ಪತ್ರೆಯಾ, ಉಪ್ಪಿನ ವ್ಯಾಪಾರವಾ ಇನ್ಸ್‌ಪೆಕ್ಟ್ರೇ?" ಎಂದು ಅವರು ಕೇಳಿದ್ದು ಸಹಜವೇ.

ಗುರುವಪ್ಪನ ಕ್ರಮ ಹೀಗಿತ್ತು. ಬಾವಿಯಿಂದ ದೂರದಲ್ಲಿ ಸೊಂಟದಾಳದ ಗುಂಡಿ ತೋಡುವುದು. ಅದಕ್ಕೆ ಒಂದು ಗೋಣಿ ಉಪ್ಪು ಸುರಿದು ಹತ್ತು ಕೊಡಪಾನ ನೀರು ಹೊಯ್ಯುವುದು. ಮೂರು ದಿನ ಬಿಟ್ಟು ಬಂದು ಬಾವಿಯ ನೀರು ಕುಡಿದು ನೋಡುವುದು. ಈ ಸೀಮೆಯ ನೆಲ ಕೆಂಪು ಮುರಕಲ್ಲು, ಅದರ ಹೊಟ್ಟೆ ತುಂಬ ತೂತು. ಮೇಲೆ ಸುರಿದದ್ದು ಎಲ್ಲಿ ಹೋಗಿ ಏಳುತ್ತದೋ ಕಣ್ಣಿಗೆ ಕಾಣುವುದಿಲ್ಲ. ಬಾವಿ ಉಪ್ಪಾದರೆ ಗುಂಡಿಯ ಕೊಳಕೂ ಅಲ್ಲಿಗೇ ಹೋಗುತ್ತದೆಂದು ಲೆಕ್ಕ.

"ನೀರು ಕುಡಿದು ನೋಡುವುದು ಯಾರು?" ರಾಜೀವಿ ಕೇಳಿದಳು.

"ನನ್ನ ಬಾಯಿ ಹೊಗೆಸೊಪ್ಪಿಗೆ ಹೋಗಿದೆ, ಸ್ವಲ್ಪ ಉಪ್ಪಾದ್ರೆ ಗೊತ್ತಾಗುವುದಿಲ್ಲ. ಖಲೀಲ್‌ಬ್ಯಾರಿಗೆ ರಂಜಾನ್ ಉಪವಾಸ. ಬಾವಿಯ ಮನೆಯವರನ್ನು ಕೇಳುವ ಹಾಗಿಲ್ಲ, ತನ್ನ ಬಾವಿ ಉಪ್ಪು ಅಂತ ಈ ಊರಲ್ಲಿ ಯಾರೂ ಒಪ್ಪಿದ್ದಿಲ್ಲ." ಅವನು ಅವಳ ಕಡೆ ನೋಡಿ ತಟ್ಟನೆ ಕಣ್ಣು ತಗ್ಗಿಸಿದ. "ನೀವೇ ಆಗ್ಬೇಕು."

ಆಗಲೇ ಹೇಳಬೇಕಿತ್ತು. ನನ್ನ ನಾಲಿಗೆ ಸತ್ತಿದೆ ಎಂದು ಹೇಳಲು ಮೂರು ಶಬ್ದ ಸಾಕಿತ್ತು. ಅವಳು "ಆಗ್ಲಿ" ಎಂದಳು.

ಮೊದಲು ಕಲ್ಲಡ್ಕ. ಗುಂಡಿಯ ನೀರು ಇಂಗುವುದನ್ನು ಕಾಯುತ್ತ ಇಬ್ಬರೂ ಬುತ್ತಿ ಬಿಚ್ಚಿದರು. ಕುಚ್ಚಲಕ್ಕಿ ಅನ್ನ, ಹುರುಳಿ ಚಟ್ನಿ, ಅವಳೇ ಮಾಡಿದ್ದು. ಗುರುವಪ್ಪ ಒಂದು ತುತ್ತು ಬಾಯಿಗಿಟ್ಟ. ಅವಳತ್ತ ನೋಡಿದ, ಚಟ್ನಿಯತ್ತ ನೋಡಿದ, ಮತ್ತೆ ಎಲೆ ಚೊಕ್ಕ ಆಗುವವರೆಗೆ ತಲೆ ಎತ್ತದೆ ತಿಂದ.

"ಹೇಗುಂಟು?"

"ಭಾರಿ ಲಾಯ್ಕುಂಟು," ಎಂದು ಎರಡು ಚೊಂಬು ನೀರು ಕುಡಿದ.

ಎರಡನೆಯದು ಪುತ್ತಿಗೆಯಲ್ಲಿ, ಸೇಸಮ್ಮ ಎಂಬ ಅಜ್ಜಿಯ ಮನೆಯ ಗದ್ದೆಬದಿ. ಒಬ್ಬ ಗಂಡಸು ಗುಂಡಿಗೆ ಉಪ್ಪು ಸುರಿಯುವುದು, ಒಬ್ಬ ಹೆಂಗಸು ನೀರು ಹೊಯ್ಯುವುದು ಕಂಡು ಸೇಸಮ್ಮ ಸೊಂಟಕ್ಕೆ ಕೈ ಕೊಟ್ಟು ನಿಂತರು.

"ಎಂತ ಹರಕೆ ಇದು? ಮಕ್ಕಳಾಗ್ಲಿಲ್ವಾ ನಿಮಗೆ?"

ಗುರುವಪ್ಪನ ಕೈಯಿಂದ ಗೋಣಿ ಜಾರಿತು. "ನಮಗೆ ಮದುವೆಯೇ ಆಗ್ಲಿಲ್ಲ ಅಜ್ಜಿ."

"ಆಗದಿದ್ರೆ ಆಗಿ. ಉಪ್ಪು ಯಾಕೆ ಹಾಳು ಮಾಡ್ತೀರಿ?"

ಖಲೀಲ್‌ಬ್ಯಾರಿ ಬಸ್ಸಿನ ಹಿಂದೆ ಹೋಗಿ ನಕ್ಕರು. ಗುರುವಪ್ಪನ ಕಿವಿ ಮತ್ತೆ ಕೆಂಪಾಯಿತು. ರಾಜೀವಿ ಅದನ್ನು ನೋಡಿದಳು. ನಗಬೇಕಾದ ಜಾಗ ಇದು ಎಂದು ಗೊತ್ತಾಗಿ ತುಟಿ ಅಗಲ ಮಾಡಿದಳು, ಒಳಗಿನಿಂದ ಏನೂ ಏಳಲಿಲ್ಲ.

ಮೂರು ದಿನ ಬಿಟ್ಟು ಬಂದು ಸೇಸಮ್ಮನ ಬಾವಿಯಿಂದ ನೀರು ಸೇದಿದರು. ರಾಜೀವಿ ಬೊಗಸೆ ಹಿಡಿದಳು, ಗುರುವಪ್ಪ ಹೊಯ್ದ. ಅವಳು ಕುಡಿಯುವಾಗ ಅವನು ಉಸಿರು ಬಿಗಿಹಿಡಿದು ಅವಳ ಮುಖವನ್ನೇ ನೋಡುತ್ತಿದ್ದ. ಅವಳ ಹುಬ್ಬು ಅಲುಗೀತೇ, ತುಟಿ ಸೊಟ್ಟಗಾದೀತೇ ಎಂದು ಕಾಯುವ ಆ ಕಣ್ಣು. ಇಷ್ಟು ಹತ್ತಿರದಿಂದ ಯಾರೂ ತನ್ನನ್ನು ನೋಡದೆ ಮೂರು ವರ್ಷವಾಯಿತು ಎಂದು ಅವಳಿಗೆ ಅನಿಸಿತು. ಅನಿಸಿದ್ದು ಅಷ್ಟೇ.

"ಸಪ್ಪೆ," ಎಂದಳು.

ಅವನು ಉಸಿರು ಬಿಟ್ಟ. ಪುಸ್ತಕದಲ್ಲಿ "ರುಚಿ: ಸಪ್ಪೆ" ಎಂದು ಬರೆದು ರುಜು ಹಾಕಿದ. ಕಲ್ಲಡ್ಕದಲ್ಲಿ ಹಾಗೆಯೇ ಬರೆದಿದ್ದ. ಆಮೇಲೆ ಮಿಜಾರಿನಲ್ಲೂ ಬರೆದ.

ನಾಲ್ಕನೆಯದು ಬೆಳ್ತಂಗಡಿಯ ಹಾದಿಯಲ್ಲಿ ಒಂದು ಗೇರುಗುಡ್ಡೆಯ ಬುಡ. ಗುಂಡಿ ತೋಡಿ ಮೂರು ದಿನವಾಗಿತ್ತು. ಅವಳು ಕುಡಿದು "ಸಪ್ಪೆ" ಎಂದಳು. ಅವನು ಪುಸ್ತಕ ತೆರೆದವನು ಬರೆಯದೆ ಕೂತ.

"ನೀವು ಎಲ್ಲ ಇನ್ಸ್‌ಪೆಕ್ಟರ ಹಾಗಲ್ಲ," ರಾಜೀವಿ ಅಂದಳು. "ಬೇರೆಯವರಾದ್ರೆ ಆಫೀಸಲ್ಲೇ ಕೂತು ರುಜು ಹಾಕ್ತಿದ್ರು."

"ನಾನೂ ಹಾಕಿದ್ದೆ."

ಅವನು ಪೆನ್ನಿನ ಟೋಪಿ ಹಾಕಿದ.

"ಮೂರು ವರ್ಷ ಆಯ್ತು. ಕೆಲಸಕ್ಕೆ ಹೊಸಬ. ಒಂದು ಸೇತುವೆ ಕ್ಯಾಂಪಿನವರು ಕಕ್ಕಸು ಗುಂಡಿಗೆ ಒಪ್ಪಿಗೆ ಕೇಳಿದ್ರು. ನಕ್ಷೆಯಲ್ಲಿ ಎಲ್ಲ ಸರಿ ಇತ್ತು. ಬಿಸಿಲುಂಟು, ನಾಳೆ ಹೋಗಿ ನೋಡುವ ಅಂತ ರುಜು ಹಾಕಿಬಿಟ್ಟೆ. ನಾಳೆ ಹೋಗ್ಲಿಲ್ಲ. ಗುಂಡಿ ಬಾವಿಯ ಮೇಲ್ಬದಿಗಿತ್ತು. ಹನ್ನೊಂದು ಜನಕ್ಕೆ ಜ್ವರ ಬಂತು. ಮೂರು ಜನ ಹೋದ್ರು. ಅವತ್ತಿನಿಂದ ಹಾರೆ ನಾನೇ ಹಿಡಿಯುವುದು."

ರಾಜೀವಿ ಕೈಯಲ್ಲಿದ್ದ ಚೊಂಬನ್ನು ಕಲ್ಲಿನ ಮೇಲಿಟ್ಟಳು. ಹನ್ನೊಂದು ಜ್ವರ, ಮೂರು ಸಾವು: ಆ ಲೆಕ್ಕ ಅವಳಿಗೂ ಗೊತ್ತಿತ್ತು, ಅದು ಅಣ್ಣುವಿನ ಕ್ಯಾಂಪೇ. ಈಗ ಸಿಟ್ಟು ಬರುತ್ತದೆ ಎಂದು ಕಾದಳು. ಗಂಡನನ್ನು ಕೊಂದ ರುಜು ಎದುರಿಗೇ ಕೂತಿದೆ, ಕೆನ್ನೆಗೆ ಎರಡು ಬಾರಿಸುವಷ್ಟು ಹತ್ತಿರ. ಬರಲಿಲ್ಲ. ಅದು ಬಾರದ್ದು ಕಂಡು ಅವಳಿಗೆ ಹೆದರಿಕೆಯಾಯಿತು.

"ಆ ಮೂವರಲ್ಲಿ ಒಬ್ಬರ ಹೆಸರು ಅಣ್ಣು," ಅಂದಳು. "ಸ್ಟೋರ್ ಕೀಪರ್. ನನ್ನ ಗಂಡ."

ಗುರುವಪ್ಪ ಎದ್ದು ನಿಂತ. ಮುಖದ ರಕ್ತವೆಲ್ಲ ಇಳಿದಿತ್ತು.

"ಕೂತ್ಕೊಳ್ಳಿ. ನನ್ನದೂ ಒಂದುಂಟು. ಅವರು ಹೋದ ಮೇಲೆ ನನಗೆ ಯಾವ ರುಚಿಯೂ ಗೊತ್ತಾಗುವುದಿಲ್ಲ. ನಾಲ್ಕು ಬಾವಿಗೂ ನಾನು ಸುಮ್ಮನೆ ಸಪ್ಪೆ ಅಂದದ್ದು."

ದೂರದಲ್ಲಿ ಖಲೀಲ್‌ಬ್ಯಾರಿ ಟಯರಿಗೆ ಗಾಳಿ ಹೊಡೆಯುವ ಶಬ್ದ ಕೇಳುತ್ತಿತ್ತು. ಗುರುವಪ್ಪ ಪುಸ್ತಕ ತೆಗೆದು ಬರೆದಿದ್ದ ಮೂರು ಹಾಳೆಯನ್ನೂ ಒಂದೊಂದಾಗಿ ಹರಿದ.

"ನನಗೆ ಅನುಮಾನ ಇತ್ತು," ಎಂದ, ಅವಳನ್ನು ನೋಡದೆ. "ಕಲ್ಲಡ್ಕದ ದಿನ ಚಟ್ನಿಗೆ ಉಪ್ಪು ಎರಡು ಸಲ ಬಿದ್ದಿತ್ತು. ನೀವು ಏನೂ ಗೊತ್ತಾಗದವರ ಹಾಗೆ ತಿನ್ತಿದ್ರಿ. ಕೇಳ್ಬೇಕಿತ್ತು. ಕೇಳ್ಲಿಲ್ಲ ನಾನು."

ಆಮೇಲೆ ಇಬ್ಬರೂ ಬಂಟ್ವಾಳಕ್ಕೆ ಬಂದರು. ಇಳಿಯುವಾಗ ಅವನು, "ರಂಜಾನ್ ಮುಗೀಲಿ. ಖಲೀಲ್‌ಬ್ಯಾರಿ ಕುಡಿದು ಹೇಳ್ತಾರೆ. ನೀವು ಬರುವುದು ಬೇಡ," ಎಂದ.

"ಬರ್ತೇನೆ," ಎಂದಳು ರಾಜೀವಿ. ಮೂರು ವರ್ಷದಲ್ಲಿ ಮೊದಲ ಸಲ ಅವಳು "ಆಗ್ಲಿ" ಎನ್ನದೆ ಇದ್ದದ್ದು ಅವಳಿಗೇ ಗೊತ್ತಾಗಲಿಲ್ಲ.

ಉಪವಾಸ ಮುಗಿದು, ಪೆರ್ನಾಲ್ ಹಬ್ಬದ ಮೂರನೇ ದಿನ ಹೊರಟರು. ಖಲೀಲ್‌ಬ್ಯಾರಿ ಹೊಸ ಅಂಗಿ ಹಾಕಿದ್ದರು, ಅತ್ತರಿನ ಪರಿಮಳ ಬಸ್ಸು ತುಂಬ. ಬೆಳ್ತಂಗಡಿಯ ಹಾದಿಯದು ಸಪ್ಪೆ. ಕಲ್ಲಡ್ಕ ಸಪ್ಪೆ. ಮಿಜಾರು ಸಪ್ಪೆ. ಒಂದೊಂದು ಬಾವಿ ದಾಟುವಾಗಲೂ ರಾಜೀವಿಯ ಕೈ ಬಸ್ಸಿನ ಕಂಬಿಯನ್ನು ಸ್ವಲ್ಪ ಸಡಿಲ ಹಿಡಿಯುತ್ತಿತ್ತು.

ಪುತ್ತಿಗೆಯಲ್ಲಿ ಖಲೀಲ್‌ಬ್ಯಾರಿ ಒಂದು ಗುಟುಕು ಹಾಕಿದವರು ಹಾಗೇ ಉಗಿದರು.

"ಇದೆಂತ ಸಿಸ್ಟರ್, ಉಳ್ಳಾಲದ ಕಡಲಾ?"

"ನನ್ನ ಬಾವಿಗೆ ಹೆಸರಿಡ್ಬೇಡಿ ಬ್ಯಾರಿ," ಸೇಸಮ್ಮ ಒಳಗಿನಿಂದ ಬಂದರು. ಆಮೇಲೆ ಧ್ವನಿ ತಗ್ಗಿಸಿ, "ಹತ್ತು ದಿನದಿಂದ ಗಂಜಿಗೆ ಉಪ್ಪು ಹಾಕುದು ಬಿಟ್ಟಿದ್ದೇನೆ. ಹಾಕದಿದ್ರೂ ಸರಿ ಇರ್ತದೆ. ದೇವರ ದಯೆ ಅಂತ ಸುಮ್ಮನಿದ್ದೆ," ಎಂದರು.

ಅಂಗಳದಲ್ಲಿ ಆ ಮನೆಯವರ ಬಟ್ಟೆ ಒಣಗುತ್ತಿತ್ತು. ರಾಜೀವಿ ಎಣಿಸಿದಳು. ದೊಡ್ಡವರದು, ಸಣ್ಣವರದು ಸೇರಿ ಒಂಬತ್ತು ಜನರದ್ದು. ಈ ಗುಂಡಿಗೆ ಅವಳು ಆರು ದಿನ ಬಕೆಟ್ ಖಾಲಿ ಮಾಡಿಸುವವಳಿದ್ದಳು.

ಅವಳು ಕೊಡಪಾನ ಎತ್ತಿ ನೇರ ಬಾಯಿಗೆ ಹೊಯ್ದುಕೊಂಡಳು. ತಂಪು, ಅಷ್ಟೆ. ಮತ್ತೆ ಹೊಯ್ದುಕೊಂಡಳು. ಸೀರೆಯ ಸೆರಗೆಲ್ಲ ಒದ್ದೆ. ಮೂರನೆಯ ಗುಟುಕಿಗೆ ನಾಲಿಗೆಯ ಅಂಚಿನಲ್ಲಿ ಏನೋ ಚುರುಕ್ಕೆಂದಿತು.

"ಉಪ್ಪುಂಟು," ಎಂದಳು. "ಉಪ್ಪುಂಟು ಇನ್ಸ್‌ಪೆಕ್ಟ್ರೇ."

ಅಷ್ಟು ಹೇಳಿದ್ದೇ ಕೊಡಪಾನ ಕೈಯಿಂದ ಬಿತ್ತು. ಮೂರು ವರ್ಷದ್ದೆಲ್ಲ ಒಟ್ಟಿಗೆ ಬಂತು. ಅವಳು ಗುರುವಪ್ಪನ ಅಂಗಿ ಹಿಡಿದು ಜಗ್ಗಿದಳು.

"ಒಂದು ಸಲ ಹೋಗಿ ನೋಡ್ಬಹುದಿತ್ತಲ್ಲ ನೀವು. ಒಂದು ಸಲ. ಬಿಸಿಲಾದ್ರೆ ಎಂತ? ಹದಿನೆಂಟು ದಿನ ಅವರು ನೀರು ನೀರು ಅಂತಿದ್ರು."

ಅವನು ಬಿಡಿಸಿಕೊಳ್ಳಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ನೋಡ್ಬೇಕಿತ್ತು," ಎಂದಷ್ಟೇ ಅಂದ. ಅವನ ಕಣ್ಣಲ್ಲೂ ನೀರಿತ್ತು. ಅವಳು ಅವನ ಎದೆಗೆ ಹಣೆ ಕೊಟ್ಟು, ನಾಚಿಕೆ ಬಿಟ್ಟು, ಜೋರಾಗಿ ಅತ್ತಳು. ಸೇಸಮ್ಮ ಖಲೀಲ್‌ಬ್ಯಾರಿಯನ್ನು ಕರೆದುಕೊಂಡು ಒಳಗೆ ಹೋದರು.

ಅಳು ನಿಂತ ಮೇಲೆ ಅವಳು ಮುಖ ಒರೆಸಿಕೊಂಡಳು.

"ಕ್ಷಮಿಸ್ಲಿಕ್ಕೆ ನನಗೆ ಇನ್ನೂ ಆಗುವುದಿಲ್ಲ."

"ಗೊತ್ತುಂಟು."

"ನಾನೂ ಅದನ್ನೇ ಮಾಡಿದೆ. ನಾಲ್ಕು ಸಲ."

"ನೀವು ಹೇಳಿದ್ರಲ್ಲ. ಹೊತ್ತು ಮೀರುವ ಮೊದಲೇ ಹೇಳಿದ್ರಿ."

ಬಾವಿಯ ನೀರನ್ನೆಲ್ಲ ಸೇದಿ ಚೆಲ್ಲಲು ಮಧ್ಯಾಹ್ನವಾಯಿತು. ಹಳೇ ಗುಂಡಿ ಮುಚ್ಚಿ, ಗದ್ದೆಯ ಆಚೆ ತಗ್ಗಿನಲ್ಲಿ ಹೊಸತು ತೋಡಿದರು. ಅವನು ಅಗೆದ, ಅವಳು ಬುಟ್ಟಿಯಲ್ಲಿ ಮಣ್ಣು ಹೊತ್ತಳು. ಮತ್ತೊಂದು ಗೋಣಿ ಉಪ್ಪು ಬಿತ್ತು. ನೀರು ಇಂಗಲು ಬಿಟ್ಟು, ಗುಂಡಿಯ ಪಕ್ಕದಲ್ಲೇ ಬುತ್ತಿ ಬಿಚ್ಚಿದರು. ಹುರುಳಿ ಚಟ್ನಿಯೇ.

ಗುರುವಪ್ಪ ಒಂದು ತುತ್ತು ತಿಂದ. ಅವಳು ಅವನ ಮುಖವನ್ನೇ ನೋಡುತ್ತಿದ್ದಳು, ಅವನು ಅವತ್ತು ಅವಳನ್ನು ನೋಡಿದ ಹಾಗೆ.

"ಹೇಗುಂಟು?"

ಅವನು ತಡವರಿಸಿದ. ಅವಳು ಕಣ್ಣು ತೆಗೆಯಲಿಲ್ಲ.

"ಉಪ್ಪು ಹೆಚ್ಚುಂಟು," ಎಂದ.

ಅವಳು ತನ್ನ ಎಲೆಯಿಂದ ಬೆರಳಲ್ಲಿ ತೆಗೆದು ನಾಲಿಗೆಗಿಟ್ಟಳು. ಮುಖ ಕಿವುಚಿತು. "ಹೌದು ಮಾರಾಯ್ರೆ. ಇದನ್ನು ಹೇಗೆ ತಿಂದ್ರಿ ಅವತ್ತು?"

"ಬೇಡ ಅಂದ್ರೆ ನಾಳೆಯಿಂದ ತರುವುದಿಲ್ಲ ಅಂತ ಹೆದರಿಕೆ."

ರಾಜೀವಿಗೆ ನಗು ಬಂತು. ಯಾರೂ ಹೇಳಿಕೊಡದೆ, ತುಟಿ ಅಗಲ ಮಾಡದೆ, ತನ್ನಷ್ಟಕ್ಕೆ ಬಂತು. ಜೊತೆಗೆ ಅಣ್ಣುವಿನ ನೆನಪೂ ಬಂತು. ಅದು ನೋಯಿತು, ನೋಯಲಿ ಎಂದು ಬಿಟ್ಟಳು.

"ಇನ್ನು ಮೇಲೆ ಹೇಳ್ಬೇಕು," ಎಂದಳು. "ಹೆಚ್ಚಾದ್ರೆ ಹೆಚ್ಚು, ಕಡಿಮೆಯಾದ್ರೆ ಕಡಿಮೆ. ಸುಳ್ಳು ಹೇಳ್ಬಾರ್ದು."

"ಇನ್ನೂ ಮೂರು ಊರು ಉಂಟು. ಅಲ್ಲಿವರೆಗೆ ಹೇಳ್ತೇನೆ."

ಅವಳು ಎಲೆ ಮಡಚಿ ಎದ್ದಳು, ಹಾರೆಯನ್ನು ಅವನ ಕೈಗೆ ಕೊಟ್ಟಳು.

"ಮೂರು ಊರಿಗೆ ಸಾಕಾಗುವುದಿಲ್ಲ," ಎಂದಳು. "ದಿನಾ ಹೇಳ್ಬೇಕು. ನಾಡಿದ್ದು ಆದಿತ್ಯವಾರ ಮಾವ ಮನೆಯಲ್ಲಿರ್ತಾರೆ, ನನಗೆ ಬುಡುಧಾರೆ ಮಾಡ್ಬೇಕು ಅಂತ ಅವರಿಗುಂಟು. ಬಂದು ಅವರಿಗೂ ಎಲ್ಲ ಹೇಳಿ, ಸೇತುವೆಯದ್ದೂ ಸೇರಿಸಿ."