ಎದುರಂಗಡಿಯ ಊಟದ ಡಬ್ಬಿ

ಡಿಸೈನ್ ಶಾಲೆಗೆ ಅರ್ಜಿ ಸಲ್ಲಿಸಲು ಕೊನೆಯ ದಿನ ಶುಕ್ರವಾರ. ಅವಳ ಪೋರ್ಟ್‌ಫೋಲಿಯೊ ಬೈಂಡಿಂಗ್‌ಗೆ ಹೋದದ್ದು ಮಂಗಳವಾರ. ಬೈಂಡಿಂಗ್ ಅಂಗಡಿಯವನು ಅದನ್ನು ಓದಿದ್ದು ಅದೇ ಸಂಜೆ. ಅವಳು ತಲೆ ತಗ್ಗಿಸಿ ಅವನೆದುರು ನಿಂತದ್ದು ಬುಧವಾರ ಬೆಳಿಗ್ಗೆ.

ಹಾಳೆಗಳನ್ನು ದೂರದ ಇನ್ನೊಂದು ಅಂಗಡಿಗೆ ಒಯ್ಯಬೇಕೆಂದು ಅವಳು ನಿರ್ಧರಿಸಿದ್ದಳು. ಆದರೆ ಅವಳಿಲ್ಲದ ಹೊತ್ತಿನಲ್ಲಿ ಚಿಕ್ಕಮ್ಮ ಉಪಕಾರ ಮಾಡಲು ಹೋಗಿದ್ದಳು. ತನ್ನ ಹೊಲಿಗೆ ಅಂಗಡಿಯ ಎದುರಿಗೇ ಬೈಂಡಿಂಗ್ ಅಂಗಡಿ ಇರುವಾಗ ಊರೆಲ್ಲ ಯಾಕೆ ಅಲೆಯಬೇಕು ಎಂದು ಕಟ್ಟನ್ನು ರಸ್ತೆ ದಾಟಿಸಿ ಕೊಟ್ಟುಬಂದಿದ್ದಳು.

ಅವನು ಪೋರ್ಟ್‌ಫೋಲಿಯೊವನ್ನು ಎಡಗೈಯಿಂದ ಕೌಂಟರಿನ ಮೇಲಿಟ್ಟ. ಬಲಗೈ ಕೌಂಟರಿನ ಕೆಳಗಿತ್ತು.

ಅವನು ಆ ಕೈಯನ್ನು ಮರೆಮಾಡಿದ್ದನ್ನು ಅವಳು ಹಿಂದೆಂದೂ ಕಂಡಿರಲಿಲ್ಲ.

"ಬಳಕೆದಾರ ಕ ಅಂದ್ರೆ... ನಾನೇ ತಾನೇ?"

ಅವಳು ಹೌದೆಂದು ತಲೆಯಾಡಿಸಿದಳು.

"ಮಾರ್ಜಿನ್ ಸರಿ ಇದೆಯಾ ಅಂತ ನೋಡೋಕೆ ಬಿಚ್ಚಿದೆ. ಓದ್ಬೇಕು ಅಂತ ಅಲ್ಲ." ಅವನು ಹೊದಿಕೆಯ ಮೇಲಿಲ್ಲದ ಧೂಳನ್ನು ಒರೆಸಿದ. "ಚಿತ್ರ ಚೆನ್ನಾಗಿದೆ. ನೀವು ಅದಕ್ಕೋಸ್ಕರ ನೋಡ್ತಿದ್ರಿ ಅಂತ ನಂಗೆ ಗೊತ್ತಿರ್ಲಿಲ್ಲ, ಅಷ್ಟೇ."

ಅಷ್ಟೇ... ಆ ಒಂದು ಮಾತಿಗೆ ಅವಳ ಕಿವಿಯ ತುದಿಯವರೆಗೂ ಬಿಸಿಯೇರಿತು. ಭೂಮಿ ಬಾಯಿ ಬಿಡಬಾರದೇ ಎನಿಸಿತು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದವಳು ಎಷ್ಟಾಯಿತು ಎಂದು ಕೇಳಿಬಿಟ್ಟಳು!

*

ತಪ್ಪು ಆರಂಭವಾದದ್ದು ಹಿಂದಿನ ವರ್ಷ. ಅದೇ ಶಾಲೆ ಅವಳ ಅರ್ಜಿಯನ್ನು ಒಮ್ಮೆ ತಿರಸ್ಕರಿಸಿತ್ತು. ಅವಳ ಕೆಲಸದಲ್ಲಿ ವಸ್ತುಗಳಿವೆ, ಮನುಷ್ಯರಿಲ್ಲ ಎಂದು ಸಂದರ್ಶನ ಮಾಡಿದವರು ನಯವಾಗಿಯೇ ಹೇಳಿದ್ದರು. ವಯೋಮಿತಿಯ ಪ್ರಕಾರ ಈ ಸಲದ ಪ್ರಯತ್ನವೇ ಕೊನೆಯದು.

ಆದ್ದರಿಂದ ಅವಳಿಗೊಬ್ಬ ಮನುಷ್ಯ ಬೇಕಾಗಿದ್ದ.

ಚಿಕ್ಕಮ್ಮನ ಹೊಲಿಗೆ ಅಂಗಡಿಯ ಕಿಟಕಿಯ ಆಚೆ ಅವನಿದ್ದ. ಕಾಗದ ಕತ್ತರಿಸುವ ಯಂತ್ರಕ್ಕೆ ಸಿಕ್ಕಿ ಅವನ ಬಲಗೈಯ ಮೂರು ಬೆರಳುಗಳು ಮಡಚದಂತಾಗಿದ್ದವು. ದಿನವೂ ಮಧ್ಯಾಹ್ನ ಅಂಗಡಿಯ ಮುಂದಿನ ಬೆಂಚಿನ ಮೇಲೆ ಕುಳಿತು ಊಟದ ಡಬ್ಬಿ ತೆರೆಯುತ್ತಿದ್ದ. ಅವಳು ಗುಂಡಿ ಹಾಕುವ ನೆಪದಲ್ಲಿ ಕಿಟಕಿಯ ಬಳಿ ಕುಳಿತು ಬರೆದುಕೊಳ್ಳುತ್ತಿದ್ದಳು. ಮುಚ್ಚಳ ಸಲೀಸಾಗಿ ಬರುತ್ತದೆ. ತಿನ್ನುವಾಗ ಡಬ್ಬಿ ಜಾರುತ್ತದೆ. ಆದುದರಿಂದ ಅವಳು ಮುಚ್ಚಳವನ್ನು ಅವನ ಡಬ್ಬಿಯಂತೆಯೇ ಇಟ್ಟು, ಜಾರದ ತಳದ ಡಬ್ಬಿಯೊಂದನ್ನು ವಿನ್ಯಾಸಗೊಳಿಸಿ ಮಾದರಿಯನ್ನೂ ತಯಾರಿಸಿದಳು. ಅವನ ಕೈಯ ಚಿತ್ರದ ಕೆಳಗೆ ಅಂದವಾದ ಅಕ್ಷರಗಳಲ್ಲಿ ಬರೆದಳು: 'ಬಳಕೆದಾರ ಕ. ಬಲಗೈ ದೋಷಪೂರಿತ.'

ಅವನ ಅನುಮತಿ ಕೇಳಲಿಲ್ಲ. ನಾಳೆ ಕೇಳೋಣ, ನಾಳೆ ಕೇಳೋಣ ಎಂದು ಮುಂದೂಡಿದಳು. ಅಷ್ಟರಲ್ಲಿ ಅವನು ಅವಳ ಕಡೆ ನೋಡಿ ನಗಲು ಆರಂಭಿಸಿದ. ಒಂದು ದಿನ ಡಬ್ಬಿಯನ್ನು ಎತ್ತಿ, ಊಟಕ್ಕೆ ಬನ್ನಿ ಎಂಬಂತೆ ತೋರಿಸಿದ. ಅವಳೂ ನಕ್ಕಳು. ಅಲ್ಲಿಂದ ಮುಂದೆ ಕೇಳುವುದು ಇನ್ನಷ್ಟು ಕಷ್ಟವಾಯಿತು. ಕೈಯನ್ನು ಬರೆಯಬೇಕಾದ ಪೆನ್ಸಿಲ್ ಅವನ ಕತ್ತಿನ ಇಳಿಜಾರಿಗೆ, ಕಿವಿಯ ಹಿಂದಿನ ಸುರುಳಿಗೆ ಹೋಗುತ್ತಿತ್ತು. ಅಂಥ ಹಾಳೆಗಳ ಮೇಲೆ 'ಅಪ್ರಸ್ತುತ' ಎಂದು ಬರೆದು ಪಕ್ಕಕ್ಕಿಡುತ್ತಿದ್ದಳು.

*

ಬುಧವಾರ ಮಧ್ಯಾಹ್ನ ಬೆಂಚು ಖಾಲಿಯಿತ್ತು. ಗುರುವಾರವೂ ಅವನು ಹೊರಗೆ ಬರಲಿಲ್ಲ.

ತಟ್ಟೆಯ ಮುಂದೆ ಸುಮ್ಮನೆ ಕುಳಿತಿದ್ದ ಅವಳಿಂದ ಚಿಕ್ಕಮ್ಮ ವಿಷಯವನ್ನೆಲ್ಲ ಒಂದೊಂದಾಗಿ ಬಿಡಿಸಿಕೊಂಡಳು. ತಾನು ಕಟ್ಟನ್ನು ಕೊಟ್ಟುಬಂದದ್ದಕ್ಕೆ ಪೇಚಾಡಿದಳು. ಆಮೇಲೆ ಬಾಯಲ್ಲಿದ್ದ ಸೂಜಿಯನ್ನು ತೆಗೆದು ಬಟ್ಟೆಗೆ ಚುಚ್ಚಿದಳು. ಅದು ದೊಡ್ಡ ಮಾತಿಗೆ ಪೀಠಿಕೆ. ಜಡೆಯಲ್ಲಿ ಸದಾ ಪೆನ್ಸಿಲ್ ಸಿಕ್ಕಿಸಿಕೊಳ್ಳುವ ಅವಳನ್ನು ಚಿಕ್ಕಮ್ಮ ಆ ಹೆಸರಿನಿಂದಲೇ ಕರೆಯುತ್ತಿದ್ದಳು.

"ಅಲ್ವೇ ಪೆನ್ಸಿಲ್, ಗೋಂದಿನಲ್ಲಿ ಕೈ ಅದ್ದೋ ಹುಡುಗ ದಿನಾ ಇಸ್ತ್ರಿ ಶರ್ಟ್ ಹಾಕ್ಕೊಂಡು ಬರ್ತಾನಲ್ಲ, ಯಾರಿಗೋಸ್ಕರ ಅಂದ್ಕೊಂಡಿದ್ದೆ? ಗೋಂದಿಗಾ?"

"ನಾನು... ಕೈ ಮಾತ್ರ ನೋಡ್ತಿದ್ದೆ, ಚಿಕ್ಕಮ್ಮ."

"ಬೀದಿಗೆಲ್ಲ ಕಂಡದ್ದು ಕಿಟಕೀಲಿ ಕೂತವಳಿಗೆ ಕಾಣಲಿಲ್ಲ. ಭೇಷ್! ಹೋಗು, ಇಲ್ಲಿ ಮೂಗು ಸುರಿಸಿದ್ರೆ ಗಿರಾಕಿ ಬಟ್ಟೆ ಹಾಳಾಗತ್ತೆ."

ಅವಳ ನೋಟವನ್ನು ಅವನು ಪ್ರೀತಿಯೆಂದು ತಿಳಿದಿದ್ದ. ಅವಳ ಬರಹ ಅವನಿಗೆ, ನೀನೊಂದು ದೋಷ ಎಂದು ಉತ್ತರಿಸಿತ್ತು. ಈ ಎರಡು ವಾಕ್ಯಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗ ಅವಳಿಗೆ ತನ್ನ ಅಂದವಾದ ಕೈಬರಹದ ಮೇಲೆಯೇ ಹೇಸಿಗೆಯಾಯಿತು.

ಪೋರ್ಟ್‌ಫೋಲಿಯೊವನ್ನೂ ಮಾದರಿ ಡಬ್ಬಿಯನ್ನೂ ಎತ್ತಿಕೊಂಡು ಅವಳು ರಸ್ತೆ ದಾಟಿದಳು.

*

ಅವನು ಹೊಲಿದ ಪುಸ್ತಕಗಳ ಬೆನ್ನಿಗೆ ಗೋಂದು ಹಚ್ಚುತ್ತಿದ್ದ. ಇಸ್ತ್ರಿಯಿಲ್ಲದ ಹಳೆಯ ಅಂಗಿ ತೊಟ್ಟಿದ್ದ. ಅದನ್ನು ಕಂಡ ಕೂಡಲೇ ಅವಳು ಪೋರ್ಟ್‌ಫೋಲಿಯೊವನ್ನು ಅವನ ಮುಂದಿಟ್ಟಳು.

"ನಿಮ್ಮ ಕೈ ಇರೋ ಹಾಳೆಗಳನ್ನೆಲ್ಲ ಕತ್ತರಿಸಿ ತೆಗೆದುಬಿಡಿ," ಎಂದಳು. "ಕೇಳದೇ ಬರೆದೆ. ಆ ಪದ ಬರೆದೆ. ನನಗೆ ನಾಚಿಕೆಯಾಗ್ತಿದೆ."

ಅವನು ಕುಂಚವನ್ನು ಕೆಳಗಿಟ್ಟ. "ತೆಗೆದರೆ ಏನುಳಿಯತ್ತೆ?"

"ಕುರ್ಚಿ. ದೀಪ. ಒಂದು ಚೀಲ."

"ಮನುಷ್ಯರು?"

"ನೀವೊಬ್ಬರೇ."

ಅವನು ಮಾದರಿ ಡಬ್ಬಿಯನ್ನು ತೆಗೆದುಕೊಂಡು ಮೇಜಿನ ಮೇಲಿಟ್ಟ. ತಳ ಗಟ್ಟಿಯಾಗಿ ನಿಂತಿತು, ಅವಳು ಲೆಕ್ಕ ಹಾಕಿದಂತೆಯೇ. ಅವನು ಬಲಗೈಯಿಂದ ಮುಚ್ಚಳದ ಅಂಚನ್ನು ಹಿಡಿದು ಎಳೆದ. ಬೆರಳುಗಳು ಜಾರಿದವು. ಇನ್ನೊಮ್ಮೆ ಯತ್ನಿಸಿದ. ಹಣೆಯಲ್ಲಿ ಬೆವರು ಮೂಡಿತು. ಮುಚ್ಚಳ ಕದಲಲಿಲ್ಲ.

"ಆದರೆ... ದಿನಾ ಅಷ್ಟು ಸುಲಭವಾಗಿ ತೆಗೀತಿದ್ರಲ್ಲ! ನಾನೇ ನೋಡಿದ್ದೀನಿ."

ಅವನು ಡಬ್ಬಿಯೊಂದಿಗೆ ಅಂಗಡಿಯ ಒಳಕೋಣೆಗೆ ನಡೆದ. ಅವಳು ಹಿಂಬಾಲಿಸಿದಳು. ಕಾಗದದ ರಾಶಿಗಳ ನಡುವಿನ ಸ್ಟೂಲಿನ ಮೇಲೆ ಕುಳಿತು, ಡಬ್ಬಿಯನ್ನು ಮೊಣಕಾಲುಗಳ ನಡುವೆ ಅವುಚಿಕೊಂಡ. ಹಾಳೆ ಮಡಿಸುವ ಮರದ ಪಟ್ಟಿಯನ್ನು ಮುಚ್ಚಳದ ಅಂಚಿಗೆ ತೂರಿಸಿ, ಮೈಯೆಲ್ಲ ಬಾಗಿಸಿ ಮೀಟಿದ. ಪಟ್ಟಿ ಜಾರಿತು. ಕೊನೆಗೆ ಅಂಚನ್ನು ಹಲ್ಲಿನಿಂದ ಹಿಡಿದೆಳೆದ. ಆಗ ಮುಚ್ಚಳ ಬಂತು.

ತಲೆಯೆತ್ತಿದಾಗ ಅವನ ಮುಖ ಕೆಂಪಾಗಿತ್ತು.

"ದಿನಾ ಇಲ್ಲಿ ಹೀಗೆ ತೆಗೆದು, ಮುಚ್ಚಳ ಸುಮ್ನೆ ಮೇಲಿಟ್ಕೊಂಡು ಹೊರಗೆ ಬರ್ತಿದ್ದೆ."

"ಯಾಕೆ?"

"ನೀವು ನೋಡ್ತಿದ್ರಲ್ಲ."

ಅವಳು ಗೋಡೆಗೆ ಒರಗಿದಳು. ಇಷ್ಟು ದಿನ ಅವಳು ದಾಖಲಿಸಿದ್ದು ಅವನ ಕಷ್ಟವನ್ನಲ್ಲ. ಅವಳೆದುರು ಚೆನ್ನಾಗಿ ಕಾಣಬೇಕೆಂಬ ಅವನ ಆಸೆಯನ್ನು. ಆ ಆಸೆಯನ್ನು ಗುರುತಿಸಲಾರದೆ ಅದಕ್ಕೆ ಜಾರದ ತಳವೊಂದನ್ನು ಅಂಟಿಸಿದ್ದಳು. ಅಳು ಬಂತು. ಅಳುವ ಹಕ್ಕೂ ತನಗಿಲ್ಲವೆನಿಸಿ ತಡೆದುಕೊಂಡಳು.

"ನಾನು ಬರೀ ಕೈ ನೋಡ್ತಿರ್ಲಿಲ್ಲ," ಎಂದಳು, ನೆಲವನ್ನು ನೋಡುತ್ತ. "ಮೊದಮೊದಲು ಹೌದು, ಕೈಗೋಸ್ಕರಾನೇ. ಆಮೇಲೆ ಅಲ್ಲ. ಅಪ್ರಸ್ತುತ ಅಂತ ಪಕ್ಕಕ್ಕಿಟ್ಟ ಹಾಳೆಗಳೇ ಜಾಸ್ತಿ ಇವೆ. ಅದರಲ್ಲೆಲ್ಲ ನೀವಿದ್ದೀರಿ. ನಿಮ್ಮ ಕಿವಿ ಕೂಡ."

"ಕಿವಿ?"

"ಎಡಗಿವಿ. ಕಿಟಕಿಗೆ ಅದೇ ಕಾಣೋದು."

ಅವನು ನಗಬಾರದೆಂದು ಬಹಳ ಪ್ರಯತ್ನಿಸಿದ. ಆಗಲಿಲ್ಲ.

ಆಮೇಲೆ ಅವನು ಪೋರ್ಟ್‌ಫೋಲಿಯೊದ ದಾರವನ್ನು ಬಿಚ್ಚಿದ. ಕತ್ತರಿಸುವುದು ಬೇಡ, ಇವತ್ತು ಕಂಡದ್ದನ್ನು ಬರೆದ ಹಾಳೆ ಸೇರಿಸಲು ಜಾಗವಿದೆ ಎಂದ. ತನ್ನ ಡಬ್ಬಿ ಕೆಲಸಕ್ಕೆ ಬಾರದೆಂದು ತಾನೇ ಒಪ್ಪಿಕೊಂಡರೆ ಸೀಟು ಕೈತಪ್ಪಬಹುದೆಂದು ಅವಳು ಎಚ್ಚರಿಸಿದಳು. ಸುಳ್ಳಿನಿಂದ ಸಿಕ್ಕ ಸೀಟಿನಲ್ಲಿ ಕೂರಲು ಅವಳಿಗಾಗುತ್ತದೆಯೇ ಎಂದು ಅವನು ಕೇಳಿದ. ಆಗುವುದಿಲ್ಲವೆಂದು ಇಬ್ಬರಿಗೂ ತಿಳಿದಿತ್ತು. ಅವಳು ಅಲ್ಲೇ, ಅವನ ಮೇಜಿನ ಮೇಲೆ, 'ದೋಷಪೂರಿತ' ಎಂಬ ಪದದ ಮೇಲೆ ಗೆರೆ ಎಳೆದಳು. ಅಳಿಸಲಿಲ್ಲ; ಗೆರೆಯ ಕೆಳಗೆ ಅದು ಓದುವಂತೆಯೇ ಇತ್ತು.

"ಬಳಕೆದಾರ ಕ ಬದಲು ಏನು ಬರೀಲಿ?"

"ಎದುರಂಗಡಿಯವನು ಅಂತ ಬರೀರಿ. ನಿಜ ತಾನೇ?"

*

ಶುಕ್ರವಾರ ಮಧ್ಯಾಹ್ನ ಅವನು ಬೆಂಚಿನ ಮೇಲೆ ಬಂದು ಕುಳಿತ. ಇಸ್ತ್ರಿ ಮಾಡಿದ ಅಂಗಿ. ಮುಚ್ಚಳ ಬಿಗಿಯಾಗಿದ್ದ ಡಬ್ಬಿ. ಇಡೀ ಬೀದಿ ನೋಡುತ್ತಿದ್ದಂತೆಯೇ ಅದನ್ನು ಮೊಣಕಾಲುಗಳ ನಡುವೆ ಅವುಚಿ ಮರದ ಪಟ್ಟಿಯಿಂದ ಮೀಟತೊಡಗಿದ. ಒಮ್ಮೆ ಜಾರಿತು. ಅವನು ಕಿಟಕಿಯತ್ತ ನೋಡಲಿಲ್ಲ.

ನೋಡುವ ಅಗತ್ಯವೂ ಇರಲಿಲ್ಲ. ಅವಳು ರಸ್ತೆ ದಾಟಿ ಬಂದು ಪಕ್ಕದಲ್ಲಿ ಕುಳಿತಿದ್ದಳು, ಸಲ್ಲಿಸಬೇಕಾದ ಪೋರ್ಟ್‌ಫೋಲಿಯೊವನ್ನು ಮಡಿಲಲ್ಲಿಟ್ಟುಕೊಂಡು.

"ಬರ್ಕೊಳ್ಳಲ್ವಾ?" ಎಂದ ಅವನು.

"ಪೆನ್ಸಿಲ್ ತಂದಿಲ್ಲ."

"ಜಡೆಯಲ್ಲಿದೆ."

"ಇರಲಿ ಬಿಡಿ." ಅವಳು ಡಬ್ಬಿಯ ಒಂದು ಬದಿಯನ್ನು ಹಿಡಿದುಕೊಂಡಳು. "ನೀವು ಮೀಟಿ."

ಮುಚ್ಚಳ ಬಂತು. ಎದುರಿನ ಕಿಟಕಿಯಲ್ಲಿ ಚಿಕ್ಕಮ್ಮನ ಹೊಲಿಗೆ ಯಂತ್ರ ಬಹಳ ಹೊತ್ತಿನಿಂದ ನಿಂತಿತ್ತು.

ಊಟ ಮುಗಿಸಿ ಅವಳು ಶಾಲೆಗೆ ಹೋದಳು. ಗಡುವಿನೊಳಗೆ ಸಲ್ಲಿಸಿದ ಪೋರ್ಟ್‌ಫೋಲಿಯೊದ ಕೊನೆಯ ಹಾಳೆಯಲ್ಲಿ ಹೀಗೆ ಬರೆದಿತ್ತು:

'ಫಲಿತಾಂಶ: ಈ ವಿನ್ಯಾಸ ವಿಫಲವಾಗಿದೆ. ತನಗಿಷ್ಟವಾದವರು ನೋಡುತ್ತಿರುವಾಗ ಎದುರಂಗಡಿಯವನು ತನ್ನ ಕಷ್ಟವನ್ನು ಒಳಗೇ ಮುಗಿಸಿ ಬರುತ್ತಾನೆ. ಪಕ್ಕದಲ್ಲಿ ಕುಳಿತರೆ ಮಾತ್ರ ಅದು ಕಾಣುತ್ತದೆ.'